ರಕ್ತದ ಹುಡುಗಿಯ ಹನ್ನೊಂದನೇ ತಿಂಗಳು

ಬೆಳಿಗ್ಗೆ ಐದೂ ಐವತ್ತು. ನಾಲ್ಕನೇ ಮಹಡಿಯ ಬಾಗಿಲು ತೆರೆದವರ ಮೀಸೆ ನೋಡಿಯೇ ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ. ಆರಡಿ ಆಳು, ಬಾಗಿಲು ತುಂಬುವಷ್ಟು ಅಗಲದ ಭುಜ. ಒಂದು ಕಾಲದಲ್ಲಿ ಭಾರ ಎತ್ತುವ ಸ್ಪರ್ಧೆಗಳಿಗೆ ಹೋಗುತ್ತಿದ್ದವರು. ಗೋಡೆಯ ತುಂಬ ಪದಕಗಳನ್ನು ನೇತುಹಾಕಿಕೊಂಡಿದ್ದಾರೆ. ಎದುರಿಗೆ ಭುಜಕ್ಕೊಂದು ನೀಲಿ ಚೀಲ ಹಾಕಿಕೊಂಡು, ಮೆಟ್ಟಿಲು ಹತ್ತಿದ ಏದುಸಿರನ್ನು ನುಂಗಿಕೊಳ್ಳುತ್ತ ನಿಂತಿರುವ ಹುಡುಗಿ ಅವರ ಎದೆಯ ಮಟ್ಟಕ್ಕೂ ಬರುವುದಿಲ್ಲ.

"ಏನಾದ್ರೂ ತಿಂದ್ರಾ? ಟೀ ಕುಡಿದ್ರಾ?" ಎಂದು ಕೇಳುತ್ತಾಳೆ.

"ಇಲ್ಲಮ್ಮ. ಆದ್ರೆ, ನಾಳೆ ತಗೊಂಡ್ರೆ ಆಗಲ್ವಾ?"

"ಮೊನ್ನೆನೂ ಇದನ್ನೇ ಹೇಳಿದ್ರಿ. ಕೂತ್ಕೊಳ್ಳಿ. ಬೇಡ ಬೇಡ, ಮಲಕ್ಕೊಳ್ಳಿ. ಹೋದ ಸಲ ಏನಾಯ್ತು ಅಂತ ನೆನಪಿದೆ ತಾನೆ?"

ಹೋದ ಸಲ ಈ ಪೈಲ್ವಾನರು ಸೂಜಿ ಕಂಡದ್ದೇ ತಡ, ಕುರ್ಚಿಯಿಂದ ಜಾರಿ ನೆಲಕ್ಕೆ ಒರಗಿದ್ದರಂತೆ. ಎಚ್ಚರವಾದ ಮೇಲೆ 'ನೆಲ ಒದ್ದೆಯಿತ್ತು' ಎಂದರಂತೆ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವುದು ಇಂಥವರನ್ನು ಕಂಡೇ ಹುಟ್ಟಿದ ಮಾತಿರಬೇಕು. ಅವರು ಮಲಗುತ್ತಾರೆ, ಮುಖವನ್ನು ಗೋಡೆಯತ್ತ ತಿರುಗಿಸುತ್ತಾರೆ. ಹುಡುಗಿ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿ, ಮೊಣಕೈಯ ಮಡಿಕೆಯಲ್ಲಿ ಬೆರಳಿಟ್ಟು ಕಣ್ಣು ಮುಚ್ಚಿಕೊಳ್ಳುತ್ತಾಳೆ. ಬೆಳಕು ಸಾಲದ ಮನೆಗಳಲ್ಲಿ ಕೆಲಸ ಮಾಡಿ ಮಾಡಿ ಬಂದ ಅಭ್ಯಾಸ ಅದು. ಕಣ್ಣಿಗೆ ಕಾಣುವ ನರಕ್ಕಿಂತ ಬೆರಳಿಗೆ ಸಿಗುವ ನರ ನಂಬಿಕಸ್ಥ ಅನ್ನುವುದು ಅವಳ ಲೆಕ್ಕ. ಮೊಮ್ಮಗನಿಗೆ ಹಲ್ಲು ಬಂತಾ ಎಂದು ಕೇಳುತ್ತಾಳೆ. ಎಷ್ಟು ಹಲ್ಲು, ಯಾವ ಕಡೆ, ಯಾರನ್ನು ಕಚ್ಚಿದ ಎಂದು ಅವರು ವಿವರಿಸುತ್ತಿರುವಾಗ ಎರಡು ಟ್ಯೂಬು ತುಂಬಿ ಮುಚ್ಚಳ ಬೀಳುತ್ತದೆ.

"ಶುರು ಮಾಡ್ತೀಯಾ ಹಾಗಾದ್ರೆ?" ಎನ್ನುತ್ತಾರೆ ಅವರು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ.

"ಮುಗೀತು. ಹತ್ತಿ ಒತ್ತಿ ಹಿಡ್ಕೊಳ್ಳಿ. ಉಜ್ಜಬೇಡಿ."

ಅವರು ಎದ್ದು ಕೂರುವಷ್ಟರಲ್ಲಿ ಲೇಬಲ್ಲು ಅಂಟಿಸಿ, ಟ್ಯೂಬು ಚೀಲಕ್ಕಿಳಿಸಿ, ಜಿಪ್ ಎಳೆದು, ಅವಳು ಮೂರನೇ ಮಹಡಿಗೆ ಇಳಿದಾಗಿದೆ. ಹಿಂದೆ ಓಡುವುದು ನನ್ನ ಪಾಡು.

ಈ ಪುಟದಲ್ಲಿ ಸಾಮಾನ್ಯವಾಗಿ ನಾವು ಬರೆಯುವುದು ಮೂವತ್ತು ನಲವತ್ತು ವರ್ಷ ಒಂದೇ ಕೆಲಸದಲ್ಲಿ ಸವೆದವರ ಬಗ್ಗೆ. ಇವಳಿಗೆ ಇಪ್ಪತ್ತಮೂರು. ಕಲಿತದ್ದು ನರ್ಸಿಂಗ್, ನಾಲ್ಕು ವರ್ಷ, ಒಳ್ಳೆಯ ಅಂಕ. ಮಾಡುತ್ತಿರುವುದು ಒಂದು ಸಣ್ಣ ಲ್ಯಾಬಿಗಾಗಿ ಮನೆಮನೆಗೆ ಹೋಗಿ ಖಾಲಿ ಹೊಟ್ಟೆಯ ರಕ್ತ ತರುವ ಕೆಲಸ. ಬೇಕಾಗಿರುವುದು ಆಸ್ಪತ್ರೆಯ ವಾರ್ಡಿನಲ್ಲಿ ಒಂದು ಡ್ಯೂಟಿ. "ಗೆದ್ದ ಮೇಲೆ ಬರೆಯೋಣ" ಎಂದರು ನಮ್ಮ ಸಂಪಾದಕರು. ಗೆದ್ದವರನ್ನು ಬರೆಯಲು ಊರಿಗೆಲ್ಲ ಜನ ಇದ್ದಾರೆ, ನಾನು ಗೆಲ್ಲುವ ಮೊದಲೇ ಬರೆಯುತ್ತೇನೆ ಎಂದು ಹಟ ಹಿಡಿದೆ. ಹಟಕ್ಕೆ ಇನ್ನೊಂದು ಕಾರಣವೂ ಇದೆ. ನಾನು ಸಕ್ಕರೆ ಕಾಯಿಲೆಯವನು, ಸೂಜಿಗೆ ಹೆದರುವುದರಲ್ಲಿ ಪೈಲ್ವಾನರ ಖಾಸಾ ತಮ್ಮ. ತಿಂಗಳಿಗೊಮ್ಮೆ ನನ್ನ ತೋಳಿಗೂ ಇವಳೇ ಬರುತ್ತಾಳೆ. ಬೀದಿಯ ಮಕ್ಕಳು 'ರಕ್ತದ ಹುಡುಗಿ ಬಂದ್ಲು' ಎಂದು ಕೂಗುತ್ತವೆ.

ದಿನಕ್ಕೆ ಹದಿನಾಲ್ಕರಿಂದ ಹದಿನಾರು ಮನೆ. ಮೊದಲನೆಯದು ಐದೂವರೆಗೆ, ಕೊನೆಯದು ಒಂಬತ್ತರೊಳಗೆ. ಮೆಟ್ಟಿಲುಗಳನ್ನು ಅವಳು ಒಂದು ದಿನ ಎಣಿಸಿದ್ದಾಳೆ, ಆರುನೂರ ಹನ್ನೆರಡು. ಎರಡನೇ ದಿನ ಎಣಿಸಲಿಲ್ಲ, ಎಣಿಸಿದರೆ ಕಾಲು ನೋಯುತ್ತದಂತೆ. ಹತ್ತು ನಿಮಿಷ ತಡವಾದರೆ ಫೋನು ಬಡಿದುಕೊಳ್ಳುತ್ತದೆ. ರಾತ್ರಿಯಿಂದ ಹಸಿದವರ ಬಾಯಲ್ಲಿ ಒಳ್ಳೆ ಮಾತು ಎಲ್ಲಿಂದ ಬರಬೇಕು? ಒಬ್ಬ ನಿವೃತ್ತ ಮೇಷ್ಟ್ರು ಗಡಿಯಾರ ಕೈಯಲ್ಲಿ ಹಿಡಿದುಕೊಂಡೇ ಬಾಗಿಲು ತೆರೆಯುತ್ತಾರೆ. ಒಬ್ಬ ಅಜ್ಜಿ ಟೀ ಕುಡಿದಿದ್ದರೂ ಇಲ್ಲ ಎಂದು ಆಣೆ ಇಡುತ್ತಾರೆ, ಬಿಸ್ಕತ್ತಿನ ಪುಡಿ ಇನ್ನೂ ಸೆರಗಿನಲ್ಲೇ ಇರುತ್ತದೆ. ಒಂಬತ್ತಕ್ಕೆ ಟ್ಯೂಬುಗಳನ್ನು ಲ್ಯಾಬಿಗೆ ಒಪ್ಪಿಸಿ, ಮನೆಗೆ ಓಡಿ, ಸ್ನಾನ ಮಾಡಿ, ಹಸಿರು ಫೈಲು ಕಂಕುಳಲ್ಲಿ ಇಟ್ಟುಕೊಂಡು ಹನ್ನೊಂದಕ್ಕೆ ಅವಳ ಎರಡನೇ ಸುತ್ತು ಶುರು. ಆ ಸುತ್ತಿನಲ್ಲಿ ಬಾಗಿಲು ತೆರೆಯುವವರು ಕಡಿಮೆ.

"ಮೂವತ್ತೊಂದು ಕಡೆ ಅರ್ಜಿ ಹಾಕಿದೀನಿ ಸಾರ್. ಒಂಬತ್ತು ಕಡೆ ಕರೆದ್ರು. 'ಅನುಭವ ಎಷ್ಟು ವರ್ಷ?' ಅಂತಾರೆ. ಈಗ ತಾನೆ ಪಾಸಾಗಿದೀನಿ ಅಂದ್ರೆ, 'ಎರಡು ವರ್ಷ ಎಲ್ಲಾದ್ರೂ ಮಾಡ್ಕೊಂಡು ಬಾಮ್ಮ' ಅಂತಾರೆ. ಆ ಎಲ್ಲಾದ್ರೂ ಅನ್ನೋದು ಎಲ್ಲಿದೆ ಅಂತ ಒಬ್ರೂ ಹೇಳಲ್ಲ."

ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ನಮ್ಮ ಆಸ್ಪತ್ರೆಗಳ ನೇಮಕಾತಿ ಪೂರ್ತಿ ಈ ಗಾದೆಯ ಮೇಲೆ ನಡೆಯುತ್ತಿದೆ. ಲ್ಯಾಬಿನ ಹನ್ನೊಂದು ತಿಂಗಳಾದರೂ ಅನುಭವವಲ್ಲವೇ ಎಂದು ನೀವು ಕೇಳಬಹುದು, ನಾನೂ ಕೇಳಿದೆ. ಲ್ಯಾಬಿನ ಮಾಲೀಕರು ಕೆಟ್ಟವರಲ್ಲ. ಆದರೆ ಅವರ ರಿಜಿಸ್ಟರಿನಲ್ಲಿ ಎರಡೇ ಪಟ್ಟಿ, ಒಳಗೆ ಕೂತು ಪರೀಕ್ಷೆ ಮಾಡುವವರದ್ದು ಒಂದು, ಹೊರಗೆ ತಿರುಗುವವರದ್ದು ಒಂದು. ಇವಳ ಹೆಸರಿರುವುದು ರಿಪೋರ್ಟು ಹಂಚುವ ಬೈಕಿನವರ ಜೊತೆಯಲ್ಲಿ. "ಪತ್ರ ಬೇಕಾದ್ರೆ ಕೊಡ್ತೀನಮ್ಮ, ಡೆಲಿವರಿ ವಿಭಾಗದಲ್ಲಿ ಕೆಲಸ ಮಾಡಿದಾಳೆ ಅಂತ" ಎಂದರಂತೆ. ಅಣ್ಣ ಅವಳನ್ನು ಈಗಲೂ 'ಏನಮ್ಮಾ ಡೆಲಿವರಿ ಸಿಸ್ಟರ್, ಗಂಡೋ ಹೆಣ್ಣೋ?' ಎಂದು ರೇಗಿಸುತ್ತಾನೆ. ಅಣ್ಣ ಬ್ರೆಡ್ಡಿನ ವ್ಯಾನು ಓಡಿಸುತ್ತಾನೆ, ನಾಲ್ಕೂವರೆಗೆ ಏಳುವ ವಿಷಯದಲ್ಲಿ ಇಬ್ಬರೂ ಸಮ.

ಮನೆ ಎಂದರೆ ಒಂದೂವರೆ ಕೋಣೆ. ಅರ್ಧ ಕೋಣೆಯಲ್ಲಿ ಅಡುಗೆ, ಉಳಿದದ್ದರಲ್ಲಿ ಮೂವರು. ಅಪ್ಪ ಬೇರೆ ಊರಿನ ಗೋದಾಮಿನಲ್ಲಿ ಕಾವಲಿದ್ದಾರೆ, ತಿಂಗಳಿಗೊಮ್ಮೆ ಬಂದು ಒಂದು ದಿನ ಪೂರ್ತಿ ಮಲಗಿ ಹೋಗುತ್ತಾರೆ. ಅಮ್ಮ ಒಂದು ದೊಡ್ಡ ಹೋಟೆಲಿನ ಬಟ್ಟೆ ಒಗೆಯುವ ವಿಭಾಗದಲ್ಲಿ ದಿನಕ್ಕೆ ಇನ್ನೂರು ಹಾಸಿಗೆ ಬಟ್ಟೆ ಇಸ್ತ್ರಿ ಮಾಡುತ್ತಾರೆ. ನನ್ನೊಂದಿಗೆ ಮಾತಾಡುವಾಗಲೂ ಅವರ ಕೈ ಮಡಿಲಿನ ಮೇಲೆ ಏನನ್ನೋ ನೀವುತ್ತಲೇ ಇರುತ್ತದೆ.

"ನಮ್ಮ ಹೋಟೆಲಲ್ಲಿ ಮಲಗೋರಿಗೆ ಕಾಯಿಲೆ ಇಲ್ಲ, ಆದ್ರೂ ಹಾಸಿಗೆ ಮೇಲೆ ಒಂದು ಸುಕ್ಕು ಇರಬಾರದು. ಆಸ್ಪತ್ರೆಯಲ್ಲಿ ನೋಡಿ, ಬೆನ್ನೆಲ್ಲ ನೋವಿರೋರು ಮಲಗೋದೇ ಸುಕ್ಕಿನ ಮೇಲೆ. ಹೋಗಿ ಅದನ್ನ ಸರಿ ಮಾಡೇ ಅಂತ ಇವಳನ್ನ ಓದಿಸ್ದೆ. ಈಗ ನೋಡಿದ್ರೆ ಯಾರೂ ಒಳಗೇ ಬಿಡ್ತಿಲ್ಲ" ಎನ್ನುತ್ತಾರೆ.

ಬಿಡಲು ಒಬ್ಬರು ಸಿದ್ಧರಿದ್ದರು. ಒಂದು ನರ್ಸಿಂಗ್ ಹೋಮು ಮೂರು ವರ್ಷದ ಕರಾರಿಗೆ ಸಹಿ ಕೇಳಿತು. ಜೊತೆಗೆ ಅಸಲು ಸರ್ಟಿಫಿಕೇಟುಗಳನ್ನು ತನ್ನ ಕಪಾಟಿನಲ್ಲಿ ಇಟ್ಟುಕೊಳ್ಳುತ್ತೇನೆಂದಿತು. ಮಗಳು ಪೆನ್ನು ಎತ್ತಿದ್ದಳಂತೆ. ಪಕ್ಕದಲ್ಲಿದ್ದ ಅಮ್ಮ ಆ ಪೆನ್ನು ಕಿತ್ತುಕೊಂಡು, "ನನ್ನ ಮಗಳೇನು ಅಡವಿಡೋ ಚಿನ್ನದ ಸರಾನಾ?" ಎಂದು ಕೇಳಿ ಎಬ್ಬಿಸಿಕೊಂಡು ಬಂದರು. ಆ ದಿನದಿಂದ ನಾಲ್ಕು ದಿನ ಅಮ್ಮ ಮಗಳ ನಡುವೆ ಮಾತಿರಲಿಲ್ಲ. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಎಂದು ಅಮ್ಮನಿಗೆ ಈಗಲೂ ಗೊತ್ತಿಲ್ಲ.

ಇಷ್ಟೂ ಓಡಾಟಕ್ಕೆ ಒಂದು ಗಡುವಿದೆ, ಅದೇ ಈ ಹುಡುಗಿಯನ್ನು ಎಲ್ಲೂ ಕೂರಲು ಬಿಡದಿರುವುದು. ಇಲ್ಲಿನ ಹಳೆಯ ದೊಡ್ಡಾಸ್ಪತ್ರೆ ವರ್ಷಕ್ಕೊಮ್ಮೆ ಮೂವರು ಹೊಸಬರನ್ನು ತೆಗೆದುಕೊಳ್ಳುತ್ತದೆ. ಹೊಸಬರು ಎಂದರೆ ಪಾಸಾಗಿ ಒಂದು ವರ್ಷ ದಾಟದವರು. ಕೆಲಸಕ್ಕೆ ಸೇರುವ ದಿನಕ್ಕೆ ವರ್ಷ ದಾಟಿರಬಾರದು. ದಾಟಿದ ಮರುದಿನವೇ ನೀವು ಅನುಭವಿಗಳ ಸಾಲಿಗೆ ಸೇರಿದಿರಿ, ಅಲ್ಲಿ ಅನುಭವದ ಪತ್ರ ತೋರಿಸಬೇಕು. ಒಂದು ದಿನವೂ ರೋಗಿಯನ್ನು ಮುಟ್ಟದೆ ಅನುಭವಿಯಾಗುವ ಈ ಭಾಗ್ಯ ಬೇರೆ ಯಾವ ಕಸುಬಿನಲ್ಲಿದೆಯೋ ಕಾಣೆ. ಆ ಆಸ್ಪತ್ರೆ ಸಂದರ್ಶನಕ್ಕೆ ಕರೆದ ದಿನ ಇವಳ ವರ್ಷ ಮುಗಿಯಲು ಹದಿನೆಂಟು ದಿನ ಬಾಕಿ.

ಆ ದಿನವೂ ಬೆಳಿಗ್ಗೆ ಹದಿಮೂರು ಮನೆ ಮುಗಿಸಿ, ಮೈಯೆಲ್ಲ ಬೆವರಾಗಿ, ಚೀಲವನ್ನು ಹೆಗಲಲ್ಲೇ ಇಟ್ಟುಕೊಂಡು ಬರುತ್ತಾಳೆ. ಲ್ಯಾಬಿನಲ್ಲಿ ಟ್ಯೂಬು ಇಳಿಸಿದ್ದಾಗಿದೆ, ಖಾಲಿ ಚೀಲ ಮನೆಗೆ ಹೋಗಿ ಇಡಲು ಸಮಯವಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಮೂವರು ಕೂರುವ ಬೆಂಚುಗಳು, ನಲವತ್ತೆರಡು ಮಂದಿ ಹುಡುಗಿಯರು, ಹುಡುಗರು. ಎಲ್ಲರ ಮಡಿಲಲ್ಲೂ ಫೈಲು. ಇವಳು ಕೂರುವುದಿಲ್ಲ. ನೀರಿನ ನಲ್ಲಿಯವರೆಗೆ ಹೋಗುತ್ತಾಳೆ, ಬರುತ್ತಾಳೆ, ನೋಟಿಸು ಬೋರ್ಡು ಓದುತ್ತಾಳೆ, ಮತ್ತೆ ಅದನ್ನೇ ಓದುತ್ತಾಳೆ. ಜೊತೆಗೆ ಬಂದ ತಪ್ಪಿಗೆ ನಾನೂ ನಿಂತಿದ್ದೇನೆ.

"ಕೂತ್ಕೋಮ್ಮ, ನಿನ್ನ ನೋಡಿ ನನಗೇ ಬಿ.ಪಿ. ಏರ್ತಿದೆ" ಎನ್ನುತ್ತೇನೆ.

"ಕೂತ್ರೆ ನಿದ್ದೆ ಬಂದ್ಬಿಡತ್ತೆ ಸಾರ್. ನಾಲ್ಕೂವರೆಗೆ ಎದ್ದಿರೋದು."

ಬರವಣಿಗೆಯ ಪರೀಕ್ಷೆ, ಸಂದರ್ಶನ ಮೊದಲು, ಆಮೇಲೆ ವಾರ್ಡಿನಲ್ಲಿ ಕೈಯ ಪರೀಕ್ಷೆ. ಒಬ್ಬೊಬ್ಬರಿಗೆ ಒಂದೊಂದು ಬೆಡ್ಡು. ಇವಳಿಗೆ ಬಂದದ್ದು ಹೆಂಗಸರ ವಾರ್ಡಿನ ಏಳನೇ ಬೆಡ್ಡು, ಎಂಬತ್ತರ ಒಬ್ಬ ಅಜ್ಜಿ. ಬೆಳಗಿನಿಂದ ಇಬ್ಬರು ನಾಲ್ಕು ಸಲ ಚುಚ್ಚಿ ಸೋತು, ಎರಡೂ ತೋಳು ನೀಲಿಗಟ್ಟಿವೆ. ಅಲ್ಲಿ ನಡೆದದ್ದನ್ನು ನಾನು ನೋಡಿಲ್ಲ, ಆಮೇಲೆ ಬಸ್ಸಿನಲ್ಲಿ ಅವಳ ಬಾಯಿಂದಲೇ ಕೇಳಿದ್ದು. ಹನ್ನೆರಡೂ ಕಾಲಿಗೆ ಹೊರಗೆ ಬಂದಾಗ ಮುಖ ಮೊರದಗಲ. ಹನ್ನೊಂದು ತಿಂಗಳ ದಣಿವೆಲ್ಲ ಎಲ್ಲಿ ಹೋಯಿತೋ, ಬಸ್ಸು ಹತ್ತಿದ ಮೇಲೂ ಕಂಬ ಹಿಡಿದು ನಿಂತೇ ಕಥೆ ಹೇಳುತ್ತಾಳೆ.

"ಒಂದೇ ಸಲಕ್ಕೆ ಸಾರ್! ಮುಂಗೈ ಪಕ್ಕದಲ್ಲಿ, ಹೆಬ್ಬೆರಳ ಬುಡದಲ್ಲಿ ಒಂದು ನರ ಇತ್ತು. ಯಾರೂ ಅಲ್ಲಿ ನೋಡಿರಲಿಲ್ಲ. ಅಜ್ಜಿ 'ಅಯ್ಯೋ' ಅಂತಾನೂ ಅನ್ನಲಿಲ್ಲ. ಪಕ್ಕದಲ್ಲಿದ್ದ ಸಿಸ್ಟರ್ ಗಡಿಯಾರ ನೋಡಿ ಏನೋ ಬರ್ಕೊಂಡ್ರು. ಬರ್ಕೊಂಡ್ರು ಅಂದ್ರೆ ಒಳ್ಳೇದೇ ಅಲ್ವಾ?"

ಒಳ್ಳೆಯದೇ ಎನ್ನುತ್ತೇನೆ. ನಾಲ್ಕು ಸ್ಟಾಪು ದಾಟುತ್ತದೆ. ಬಾಯಾರಿಕೆಯಾಗಿ, ನೀರಿನ ಬಾಟಲಿಗೆಂದು ನೀಲಿ ಚೀಲದ ಜಿಪ್ ಎಳೆಯುತ್ತಾಳೆ. ಎಳೆದವಳು ಹಾಗೇ ನಿಲ್ಲುತ್ತಾಳೆ. ಚೀಲದೊಳಗಿನ ಜಾಲರಿಯಲ್ಲಿ, ದಿನವೂ ಟ್ಯೂಬು ಕೂರುವ ಜಾಗದಲ್ಲಿ, ಒಂದು ಕೆಂಪು ಮುಚ್ಚಳದ ಟ್ಯೂಬು ಕೂತಿದೆ. ಮೇಲೆ ಅವಳದೇ ಅಕ್ಷರದ ಲೇಬಲ್ಲು, ಬೆಡ್ಡು ಏಳು.

ಮನೆಮನೆಗೆ ತಿರುಗುವವರಿಗೆ ಮಾತ್ರ ಆಗಬಹುದಾದ ತಪ್ಪು ಅದು. ವಾರ್ಡಿನಲ್ಲಿ ರಕ್ತ ತೆಗೆದವರು ಟ್ಯೂಬನ್ನು ಚೀಟಿಯ ಜೊತೆ ಅಲ್ಲಿನ ಟ್ರೇಗೆ ಹಾಕುತ್ತಾರೆ. ಇವಳ ಕೈ ಹನ್ನೊಂದು ತಿಂಗಳಿಂದ ಕಲಿತದ್ದು ಬೇರೆ. ತುಂಬು, ಅಲುಗಿಸು, ಲೇಬಲ್ಲು ಅಂಟಿಸು, ಚೀಲಕ್ಕೆ ಹಾಕು, ಹೊರಡು. ಖುಷಿಯಲ್ಲಿ ತಲೆ ಎಲ್ಲೋ ಇತ್ತು, ಕೈ ತನ್ನ ಪಾಡಿಗೆ ಕೆಲಸ ಮುಗಿಸಿತು. ಚೀಟಿಯನ್ನು ಟ್ರೇಯಲ್ಲಿ ಇಟ್ಟು, ಅಜ್ಜಿಯ ರಕ್ತವನ್ನು ಹೆಗಲಿಗೇರಿಸಿಕೊಂಡು ಬಸ್ಸು ಹತ್ತಿದ್ದಾಳೆ!

ಇಲ್ಲಿ ನನ್ನ ಬಗ್ಗೆಯೂ ಒಂದು ಮಾತು ಬರೆಯಬೇಕು, ಬರೆಯಲು ನಾಚಿಕೆಯಾದರೂ. "ಬಿಡಮ್ಮ," ಎಂದೆ ನಾನು, "ಟ್ಯೂಬು ಎಲ್ಲೋ ಕಳೆದುಹೋಯ್ತು ಅಂದ್ಕೋತಾರೆ. ಇನ್ನೊಂದು ಸಲ ತಗೋತಾರೆ. ನೀನೇ ಹೋಗಿ ಹೇಳಿದ್ರೆ ಇರೋ ಕೆಲಸಾನೂ ಹೋಗತ್ತೆ." ಇನ್ನೂ ಸಿಗದ ಕೆಲಸವನ್ನು 'ಇರೋ ಕೆಲಸ' ಎಂದದ್ದು ನನಗೇ ಗೊತ್ತಾಗಲಿಲ್ಲ.

"ಇನ್ನೊಂದು ಸಲ ಎಲ್ಲಿಂದ ತಗೋತಾರೆ ಸಾರ್? ಆ ಅಜ್ಜಿ ಕೈಯಲ್ಲಿ ಜಾಗ ಎಲ್ಲಿದೆ?"

ಕೂಗಿದ್ದು ಕಂಡಕ್ಟರಿಗೂ ಕೇಳಿಸಿತು. ಮುಂದಿನ ಸ್ಟಾಪಿನಲ್ಲಿ ಇಳಿದು, ರಸ್ತೆ ದಾಟಿ, ಎದುರಿನ ಬಸ್ಸು ಹತ್ತುತ್ತೇವೆ. ಅದು ಪ್ರತಿ ಸ್ಟಾಪಿನಲ್ಲೂ ನಿಲ್ಲುತ್ತದೆ, ಪ್ರತಿ ಸಿಗ್ನಲ್ಲಿನಲ್ಲೂ ಕೆಂಪು. ಹಿಂದೆ ನಾಲ್ಕು ಸೀಟು ಖಾಲಿ ಇದ್ದರೂ ಅವಳು ಬಾಗಿಲ ಮೆಟ್ಟಿಲ ಮೇಲೆ, ಮುಳ್ಳಿನ ಮೇಲೆ ನಿಂತವಳಂತೆ ನಿಂತಿದ್ದಾಳೆ. ಟ್ಯೂಬನ್ನು ಚೀಲದಿಂದ ತೆಗೆದು ಅಂಗೈಯಲ್ಲಿ ಹಿಡಿದುಕೊಂಡಿದ್ದಾಳೆ. ಆಸ್ಪತ್ರೆಯ ಗೇಟಿನಲ್ಲಿ ಕಾವಲಿನವರು ಭೇಟಿಯ ಸಮಯ ಮುಗಿಯಿತು ಎಂದು ಕೈ ಅಡ್ಡ ಹಿಡಿಯುತ್ತಾರೆ. "ಬ್ಲಡ್ ತಂದಿದೀನಿ!" ಎನ್ನುತ್ತಾಳೆ. ಯಾರಿಗೋ ತುರ್ತಾಗಿ ರಕ್ತ ಬೇಕಾಗಿದೆ ಎಂದುಕೊಂಡು ಅವರು ಹಾರಿ ಪಕ್ಕಕ್ಕೆ ಸರಿಯುತ್ತಾರೆ, ಅವಳ ಬೆನ್ನಿಗೆ ನಾನೂ ನುಸುಳುತ್ತೇನೆ.

ವಾರ್ಡಿನ ಬಾಗಿಲಲ್ಲೇ ಗೊತ್ತಾಗುತ್ತದೆ, ತಡವಾಗಿದೆ. ಒಬ್ಬ ಸಿಸ್ಟರ್ ಅಜ್ಜಿಯ ತೋಳಿಗೆ ಮತ್ತೆ ಪಟ್ಟಿ ಕಟ್ಟುತ್ತಿದ್ದಾರೆ. ಅಜ್ಜಿ ತೋಳು ಎಳೆದುಕೊಳ್ಳುತ್ತಿದ್ದಾರೆ. ಮಂಚದ ಕಾಲ ಬಳಿ ನಿಂತಿರುವವರು ನರ್ಸುಗಳಿಗೆಲ್ಲ ಮೇಲಿನವರು, ಇಡೀ ಆಸ್ಪತ್ರೆ 'ದೊಡ್ಡ ಸಿಸ್ಟರ್' ಎನ್ನುವ ಹೆಂಗಸು. ಬೆಳಿಗ್ಗೆ ಸಂದರ್ಶನದ ಮೇಜಿನ ನಡುವೆ ಕೂತಿದ್ದವರೂ ಅವರೇ.

"ನಾನೇ ತಗೊಂಡು ಹೋದೆ ಮೇಡಂ. ಬ್ಯಾಗಿಗೆ ಹಾಕ್ಕೊಂಡ್ಬಿಟ್ಟೆ. ಅಭ್ಯಾಸ. ತಪ್ಪಾಯ್ತು" ಎಂದು ಒಂದೇ ಉಸಿರಿಗೆ ಹೇಳಿ ಟ್ಯೂಬು ಚಾಚುತ್ತಾಳೆ. ಇಡೀ ವಾರ್ಡು ಇತ್ತ ತಿರುಗುತ್ತದೆ.

ದೊಡ್ಡ ಸಿಸ್ಟರ್ ಟ್ಯೂಬು ಇಸಿದುಕೊಳ್ಳುತ್ತಾರೆ. ಲೇಬಲ್ಲು ಓದುತ್ತಾರೆ. ಬಳಿಕ ಪಕ್ಕದ ಕಸದ ಡಬ್ಬಿಯ ಮುಚ್ಚಳವನ್ನು ಕಾಲಿನಿಂದ ಒತ್ತಿ, ಅದರೊಳಗೆ ಹಾಕಿಬಿಡುತ್ತಾರೆ. "ಗೇಟು ದಾಟಿದ ಸ್ಯಾಂಪಲ್ ನಮ್ಮದಲ್ಲ. ಎಲ್ಲಿತ್ತು, ಹೇಗಿತ್ತು ಅಂತ ನನಗೆ ಗೊತ್ತಿಲ್ಲ. ಅದನ್ನ ನಂಬಿ ಔಷಧ ಕೊಡೋಕಾಗಲ್ಲ."

ಅಷ್ಟು ದೂರ ಓಡಿ ಬಂದದ್ದು ನೀರಿನಲ್ಲಿ ಹೋಮ ಮಾಡಿದಂತಾಯಿತು. ಅಷ್ಟರಲ್ಲಿ ಅಜ್ಜಿ ಬಾಯಿ ತೆರೆಯುತ್ತಾರೆ.

"ಇವಳೇ ಕಣ್ರೇ ಕಳ್ಳಿ! ನನ್ನ ರಕ್ತ ಕದ್ಕೊಂಡು ಹೋದೋಳು!"

"ಅಜ್ಜಿ, ಅದು..."

"ಸುಮ್ನಿರು. ಕದ್ದ ಮಾಲನ್ನ ತಾನಾಗೇ ವಾಪಸ್ ತಂದ ಕಳ್ಳೀನ ಎಂಬತ್ತು ವರ್ಷದಲ್ಲಿ ಇವತ್ತೇ ನೋಡಿದ್ದು ನಾನು. ತೆಗೆಯೋದಾದ್ರೆ ಇವಳೇ ತೆಗೀಲಿ. ಬೇರೆ ಯಾರಾದ್ರೂ ಮುಟ್ಟಿದ್ರೆ ಕಚ್ಚಿಬಿಡ್ತೀನಿ. ಮೂರು ಹಲ್ಲಿದೆ ಇನ್ನೂ."

ದೊಡ್ಡ ಸಿಸ್ಟರ್ ನಗುವುದಿಲ್ಲ. ಪಟ್ಟಿ ಕಟ್ಟುತ್ತಿದ್ದ ಸಿಸ್ಟರಿಗೆ ಸರಿಯುವಂತೆ ಕಣ್ಣಲ್ಲೇ ಹೇಳುತ್ತಾರೆ. ಹುಡುಗಿ ಕೈ ತೊಳೆಯುತ್ತಾಳೆ. ಬಿಸಿನೀರು ಕೇಳಿ, ಬಟ್ಟೆ ಅದ್ದಿ ಹಿಂಡಿ, ಅಜ್ಜಿಯ ಇನ್ನೊಂದು ಕೈಗೆ ಸುತ್ತಿ, ಆ ಕೈಯನ್ನು ಮಂಚದ ಪಕ್ಕಕ್ಕೆ ಇಳಿಬಿಡುತ್ತಾಳೆ. ಆಮೇಲೆ ಕಾಯುತ್ತಾಳೆ. ಒಂದು ನಿಮಿಷ. ಎರಡು. ಪಕ್ಕದ ಸಿಸ್ಟರ್ ಗಡಿಯಾರ ನೋಡುತ್ತಾರೆ, ನಾನು ಉಗುರು ಕಚ್ಚುತ್ತೇನೆ, ಐದನೇ ಬೆಡ್ಡಿನವರು ಎದ್ದೇ ಕೂತಿದ್ದಾರೆ. ಬೆಳಗಿನಿಂದ ಒಂದು ಕಡೆ ನಿಲ್ಲದ ಹುಡುಗಿ ಈಗ ನೆಲದ ಮೇಲೆ ಮಂಡಿಯೂರಿ ಅಜ್ಜಿಯ ಬೆರಳುಗಳನ್ನು ಹಿಡಿದು ಅಲುಗದೆ ಕೂತಿದ್ದಾಳೆ. ಮೂರನೇ ನಿಮಿಷಕ್ಕೆ ಬಟ್ಟೆ ಬಿಚ್ಚಿ, ಕಣ್ಣು ಮುಚ್ಚಿ, ಬೆರಳಾಡಿಸಿ, ಚುಚ್ಚುತ್ತಾಳೆ. ಟ್ಯೂಬಿನಲ್ಲಿ ಕೆಂಪು ಏರುತ್ತದೆ. ಆ ಟ್ಯೂಬನ್ನು ಎರಡೂ ಕೈಯಲ್ಲಿ ಹಿಡಿದು ಟ್ರೇಗೆ ಹಾಕಿ, ಹಾಕಿದ್ದೇನೆಯೇ ಎಂದು ಬಗ್ಗಿ ನೋಡುತ್ತಾಳೆ.

ಕಾರಿಡಾರಿನಲ್ಲಿ ದೊಡ್ಡ ಸಿಸ್ಟರ್ ಅವಳನ್ನು ನಿಲ್ಲಿಸಿ ಆಡಿದ ಮಾತು ಇಷ್ಟು. "ವಾಪಸ್ ಬಂದೆ ಅಂತ ಕೆಲಸ ಕೊಡ್ತಾರೆ ಅಂದ್ಕೋಬೇಡ. ವಾಪಸ್ ಬರೋದು ಎಲ್ಲರೂ ಮಾಡಬೇಕಾದ ಕೆಲಸ, ಅದಕ್ಕೆ ಮಾರ್ಕಿಲ್ಲ. ಚುಚ್ಚಿದ್ದು ಚೆನ್ನಾಗಿತ್ತು. ತಗೊಂಡು ಹೋಗಿದ್ದು ಕೆಟ್ಟದ್ದು. ಎರಡನ್ನೂ ಬರೀತೀನಿ."

ಎರಡನ್ನೂ ಬರೆದರೆಂದು ಕಾಣುತ್ತದೆ. ಐದನೇ ದಿನ ಬೋರ್ಡಿಗೆ ಅಂಟಿಸಿದ ಪಟ್ಟಿಯಲ್ಲಿ ಮೂರು ಹೆಸರಿದ್ದವು, ಇವಳದಿರಲಿಲ್ಲ. ಕೆಳಗೆ ಸಣ್ಣಕ್ಷರದಲ್ಲಿ 'ಕಾಯುವವರು' ಎಂದು ಬರೆದು, ಅಲ್ಲಿ ಒಂದೇ ಹೆಸರು, ಅದು ಇವಳದು. ಕಾಯುವುದೆಂದರೆ ಏನು ಎಂದು ಕಚೇರಿಯಲ್ಲಿ ಕೇಳಿದರೆ, ಮೂವರಲ್ಲಿ ಯಾರಾದರೂ ಬಾರದಿದ್ದರೆ ಎಂದರು. ಕೆಲಸ ಸಿಕ್ಕವರು ಯಾಕೆ ಬಾರದಿರುತ್ತಾರೆ? ತನ್ನ ಬ್ಯಾಚಿನ ಫೋನ್ ಗುಂಪಿನಲ್ಲಿ ದಿನಕ್ಕೊಬ್ಬರು ಬಿಳಿ ಸಮವಸ್ತ್ರದ ಫೋಟೋ ಹಾಕುವುದನ್ನು ನೋಡಲಾರದೆ ಅವಳು ಆ ಗುಂಪಿನ ಸದ್ದನ್ನೇ ಅಡಗಿಸಿದಳು. "ಆ ಪೆನ್ನು ನಾನು ಕಿತ್ಕೋಬಾರದಿತ್ತು" ಎಂದು ಅಮ್ಮ ಮನೆಯಲ್ಲಿ ಒಲೆಯ ಮುಂದೆ ಕಣ್ಣೀರು ಹಾಕಿದ್ದನ್ನು ಅಣ್ಣ ನನಗೆ ಹೇಳಿದ.

ನನ್ನ ತಿಂಗಳ ಸರದಿ ಬಂದದ್ದು ಗಡುವಿಗೆ ಮೂರು ದಿನ ಇರುವಾಗ. ಆರೂ ಇಪ್ಪತ್ತಕ್ಕೆ ಬರುತ್ತಾಳೆ, ಕಣ್ಣ ಕೆಳಗೆ ಕಪ್ಪು. ನಾನು ಮುಖ ತಿರುಗಿಸಿಕೊಂಡು ತೋಳು ಕೊಡುತ್ತೇನೆ. ಸೂಜಿ ಒಳಗಿದೆ, ಆಗ ಅವಳ ಜೇಬಿನಲ್ಲಿ ಫೋನು ರಿಂಗಾಗತೊಡಗುತ್ತದೆ. ಈ ಹೊತ್ತಿನಲ್ಲಿ ಕರೆಯುವವರು ಹಸಿದ ಗಿರಾಕಿಗಳು, ಇಲ್ಲವೇ ರಾತ್ರಿ ಪಾಳಿ ಮುಗಿಸುವ ಆಸ್ಪತ್ರೆಯವರು. ನಮ್ಮಿಬ್ಬರಿಗೂ ಅದು ಗೊತ್ತು.

"ತಗೋಮ್ಮ!" ಎನ್ನುತ್ತೇನೆ.

"ಅಲ್ಲಾಡಬೇಡಿ."

ಫೋನು ಬಡಿದುಕೊಳ್ಳುತ್ತಿದೆ. ಎರಡನೇ ಟ್ಯೂಬು ತುಂಬುತ್ತಿದೆ, ನನ್ನ ರಕ್ತ ಇಷ್ಟು ಸೋಮಾರಿ ಎಂದು ನನಗೆ ಗೊತ್ತೇ ಇರಲಿಲ್ಲ. "ಸೂಜಿ ತೆಗಿ, ನಾನು ಇನ್ನೊಂದು ಸಲ ಕೊಡ್ತೀನಿ" ಎಂದು ಅಂಗಲಾಚುತ್ತೇನೆ. ಸೂಜಿಗೆ ಹೆದರುವವನ ಬಾಯಿಂದ ಬಂದ ಮಾತು ಅದು! ಅವಳ ಕೆನ್ನೆಯ ಮೇಲೆ ಬೆವರು ಇಳಿಯುತ್ತಿದೆ, ಕೈ ಮಾತ್ರ ನೆಟ್ಟ ಹಾಗಿದೆ. ಟ್ಯೂಬು ತುಂಬುತ್ತದೆ, ಪಟ್ಟಿ ಸಡಿಲವಾಗುತ್ತದೆ, ಸೂಜಿ ಹೊರಬರುತ್ತದೆ, ಹತ್ತಿ ಕೂರುತ್ತದೆ. ಫೋನು ನಿಂತುಹೋಗುತ್ತದೆ. ಲೇಬಲ್ಲು ಬರೆದೇ ಅವಳು ಫೋನು ಮುಟ್ಟಿದ್ದು. ವಾಪಸ್ ಮಾಡಿದರೆ ಆ ಕಡೆ ಲೈನಿಗೆ ಬಿಡುವಿಲ್ಲ. ಮತ್ತೆ. ಮತ್ತೆ. ನನ್ನ ಹೆಂಡತಿ ಅಡುಗೆಮನೆಯಿಂದ ಸೌಟು ಹಿಡಿದು ಬಂದು ನಿಂತಿದ್ದಾಳೆ. ಐದನೇ ಸಲಕ್ಕೆ ಎತ್ತುತ್ತಾರೆ.

ಅವಳು ಆಡಿದ್ದು 'ಹೂಂ ಮೇಡಂ' ಎನ್ನುವ ಮಾತು ಮಾತ್ರ, ಏಳೆಂಟು ಸಲ. ಫೋನಿಟ್ಟು ನಮ್ಮಿಬ್ಬರನ್ನೂ ನೋಡಿ, "ಮೂವರಲ್ಲಿ ಒಬ್ಬಳಿಗೆ ಬೇರೆ ಕಡೆ ಸಿಕ್ತಂತೆ. ನಾಳೆ ಏಳು ಗಂಟೆಗೆ. ಬಿಳಿ ಶೂ ಹಾಕ್ಕೊಂಡು ಬಾ, ಬ್ಯಾಗು ಮಾತ್ರ ತರಬೇಡ ಅಂದ್ರು" ಎನ್ನುತ್ತಾಳೆ. ನನ್ನ ಹೆಂಡತಿ ಸೌಟಿನ ಸಮೇತ ಅವಳನ್ನು ಅಪ್ಪಿಕೊಳ್ಳುತ್ತಾಳೆ. "ಬಿಡಿ ಆಂಟಿ, ಇನ್ನೂ ಎಂಟು ಮನೆ ಇದೆ, ಮೇಷ್ಟ್ರು ಕಾಯ್ತಿರ್ತಾರೆ" ಎಂದು ಮೆಟ್ಟಿಲು ಇಳಿದೇಬಿಡುತ್ತಾಳೆ.

ಮರುದಿನ ಮೂರು ಗಂಟೆಗೆ ಡ್ಯೂಟಿ ಮುಗಿಯಬೇಕು, ಅವಳು ಗೇಟಿನಿಂದ ಹೊರಗೆ ಬಂದದ್ದು ಮೂರೂ ಮುಕ್ಕಾಲಿಗೆ. ಬಿಳಿ ಶೂಗಳ ಮೇಲೆ ಅಯೋಡಿನ್ ಚೆಲ್ಲಿದ ಕಲೆ. ಬಸ್ ಸ್ಟಾಪಿನತ್ತ ದಾಪುಗಾಲು ಹಾಕುತ್ತಲೇ ವರದಿ ಒಪ್ಪಿಸುತ್ತಾಳೆ. ಹದಿನೆಂಟು ಹಾಸಿಗೆಗೆ ಬಟ್ಟೆ ಬದಲಾಯಿಸಿದ್ದು, ಜ್ವರದ ಅಂಕಿಯನ್ನು ನಾಡಿಯ ಕಾಲಮ್ಮಿನಲ್ಲಿ ಬರೆದು ಬೈಸಿಕೊಂಡದ್ದು, ಊಟಕ್ಕೆ ಸಿಕ್ಕಿದ್ದು ಒಂಬತ್ತು ನಿಮಿಷ. ಇನ್ನು ಆರು ತಿಂಗಳು ಅವಳು ಕಲಿಯುವವಳು, ಅದಾದ ಮೇಲೆಯೇ ಕಾಯಂ ಮಾಡುವುದೋ ಬಿಡುವುದೋ ಎಂದು ನೋಡುತ್ತಾರೆ. ಕಾಲಿಗೆ ಚಕ್ರ ಕಟ್ಟಿಕೊಂಡಂತೆ ನಡೆಯುವವಳ ಜೊತೆ ಹೆಜ್ಜೆ ಹಾಕಲಾರದೆ ನಾನು ನಿಲ್ಲುತ್ತೇನೆ.

"ಖುಷಿಯಾಯ್ತಾ ಇಲ್ವಾ, ಅಷ್ಟು ಹೇಳಮ್ಮ. ನನಗೆ ಬರೀಬೇಕು" ಎನ್ನುತ್ತೇನೆ.

ಅವಳೂ ನಿಲ್ಲುತ್ತಾಳೆ.

"ಇಷ್ಟು ತಿಂಗಳಲ್ಲಿ ನಾಲ್ಕು ಸಾವಿರ ಜನರ ಹತ್ತಿರ ಹೋಗಿದೀನಿ ಸಾರ್. ಚುಚ್ತೀನಿ, ಬರ್ತೀನಿ. ಆಮೇಲೆ ಅವರಿಗೆ ಏನಾಯ್ತು, ಹುಷಾರಾದ್ರಾ ಇಲ್ವಾ, ಒಬ್ರದ್ದೂ ನನಗೆ ಗೊತ್ತಾಗ್ತಿರಲಿಲ್ಲ. ಮತ್ತೆ ಕರೆಯದಿದ್ರೆ, ಹುಷಾರಾಗಿರಬೇಕು ಅಂತ ನಾನೇ ಅಂದ್ಕೋತಿದ್ದೆ. ಇವತ್ತು ಹೊರಡುವಾಗ ಹನ್ನೊಂದನೇ ಬೆಡ್ಡಿನ ಅಮ್ಮ ಸೆರಗು ಹಿಡ್ಕೊಂಡಂಗೆ ನನ್ನ ಕೋಟಿನ ತುದಿ ಹಿಡ್ಕೊಂಡ್ರು. ನಾಳೆ ಅವರಿಗೆ ಆಪರೇಷನ್ನು. 'ನಾಳೆನೂ ನೀನೇ ಬರ್ತೀಯೇನಮ್ಮಾ?' ಅಂತ ಕೇಳಿದ್ರು."

"ನೀನೇನಂದೆ?"

"ಬರ್ತೀನಿ ಅಂದೆ ಸಾರ್."